ವಯಸ್ಸಾದವರ ಡಿಪ್ರೆಶನ್ ಓದುವಾಗ ಕಾಲಿನ ಬಲವನ್ನೂ ಓದ್ಬೇಕು

ಜೀರಿಯಾಟ್ರಿಕ್ಸ್, ಹೇಳಿದ್ರೆ ವಯಸ್ಸಾದವರ ವೈದ್ಯಶಾಸ್ತ್ರದ ಪಾಠದಲ್ಲಿ ಸಾರ್ಕೋಪೀನಿಯಾ, ಹೇಳಿದ್ರೆ ಸ್ನಾಯು ಕರಗುವುದು, ಒಂದು ಕಡೆ ಬರ್ತದೆ, ಡಿಪ್ರೆಶನ್ ಇನ್ನೊಂದು ಕಡೆ, ಹಾಗಾಗಿ ಎರಡನ್ನೂ ಬೇರೆ ಬೇರೆ ಓದಿ ಬಿಡ್ತೇವೆ. ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆ ಮನೆ ಭೇಟಿಗೆ ಹೋದ್ರೆ ಎರಡೂ ಒಬ್ಬರಲ್ಲೇ ಸಿಗ್ತದೆ. ಅಜ್ಜ "ಮನಸ್ಸಿಗೆ ಬೇಜಾರು" ಅಂತ ಹೇಳುದಿಲ್ಲ, "ಉದಾಸೀನ ಆಗ್ತದೆ, ಕಾಲಿಗೆ ಬಲ ಇಲ್ಲ, ಊಟ ಸೇರುದಿಲ್ಲ" ಅಂತಾರೆ, ಮನೆಯವರು "ಪ್ರಾಯ ಆಯ್ತಲ್ಲ" ಅಂತ ಅಲ್ಲಿಗೇ ಮುಗಿಸ್ತಾರೆ. ಚಿಕಿತ್ಸೆ ತಡ ಆಗುದು ಅಲ್ಲೇ.

ಮೊದಲು ಸ್ನಾಯು. 30 ದಾಟಿದ ಮೇಲೆ ಹತ್ತು ವರ್ಷಕ್ಕೆ ಸುಮಾರು 3ರಿಂದ 8 ಶೇಕಡ ಕರಗ್ತದೆ, 60ರ ನಂತರ ಇನ್ನೂ ಬೇಗ. 1989ರಲ್ಲಿ ಇರ್ವಿನ್ ರೋಸೆನ್‌ಬರ್ಗ್ ಇದಕ್ಕೆ ಸಾರ್ಕೋಪೀನಿಯಾ ಅನ್ನುವ ಹೆಸರು ಕೊಟ್ಟರು. ಏಷ್ಯಾದವರಿಗೆ ಅಂತ ಇಲ್ಲಿನ ತಜ್ಞರ ಗುಂಪು ಕೊಟ್ಟ 2019ರ ಅಳತೆಗಳನ್ನು ನೆನಪಿಡಿ: ಕೈ ಹಿಡಿತದ ಬಲ ಗಂಡಸರಿಗೆ 28 ಕಿಲೋಗಿಂತ ಕಡಿಮೆ, ಹೆಂಗಸರಿಗೆ 18ಕ್ಕಿಂತ ಕಡಿಮೆ ಇದ್ರೆ ಸಂಶಯ. ಮನೆಯಲ್ಲಿ ಹಿಡಿತ ಅಳೆಯುವ ಮೆಷಿನ್ ಇರುದಿಲ್ಲ, ಹಾಗಾಗಿ ಕುರ್ಚಿ ಸಾಕು, ಕೈ ಎದೆಗೆ ಕಟ್ಟಿ ಐದು ಸಲ ಎದ್ದು ಕೂರಲಿಕ್ಕೆ 12 ಸೆಕೆಂಡ್ ಅಥವಾ ಜಾಸ್ತಿ ಬೇಕಾದ್ರೆ ಕಾಲಿನ ಬಲ ಇಳಿದಿದೆ ಅಂತ ಲೆಕ್ಕ. ಬೀಳದ ಹಾಗೆ ಪಕ್ಕದಲ್ಲೇ ನಿಲ್ಲಿ.

ಈಗ ಕಾಯಿಲೆ ಸೇರಿಸಿ. 2007ರ ಒಂದು ಅಧ್ಯಯನದಲ್ಲಿ ಆರೋಗ್ಯವಾಗಿದ್ದ ವೃದ್ಧರನ್ನೇ 10 ದಿನ ಹಾಸಿಗೆಯಲ್ಲಿ ಇಟ್ಟು ನೋಡಿದ್ರು, ಕಾಲಿನಿಂದ ಹತ್ತಿರ ಹತ್ತಿರ 1 ಕಿಲೋ ಕೊಬ್ಬಿಲ್ಲದ ತೂಕ ಹೋಯ್ತು. ಹಾಗಾದ್ರೆ ನ್ಯುಮೋನಿಯಾ ಅಂತ ಮಂಗಳೂರಲ್ಲಿ ಅಡ್ಮಿಟ್ ಆಗಿ ಗಂಜಿನೀರಲ್ಲೇ ದಿನ ದೂಡಿದ ಅಜ್ಜಿಯ ಕಾಲಲ್ಲಿ ಏನು ಉಳಿದೀತು? ಜ್ವರ ಹೋಯ್ತು, ಡಿಸ್ಚಾರ್ಜ್ ಆಯ್ತು, ಆದ್ರೆ ಬಚ್ಚಲಿಗೆ ಹೋಗಲಿಕ್ಕೆ ಸೊಸೆ ಬೇಕು, ಅಂಗಳಕ್ಕೆ ಇಳಿದು ಒಣಗಲು ಹಾಕಿದ ಅಡಿಕೆ ಮಗುಚಲಿಕ್ಕೂ ಆಗುದಿಲ್ಲ, ಬೀಳುವ ಹೆದರಿಕೆಗೆ ನಡೆಯುದನ್ನೇ ಬಿಡ್ತಾರೆ, ಆಮೇಲೆ "ನಾನು ಎಲ್ಲರಿಗೂ ಭಾರ" ಶುರು. ಮನಸ್ಸು ಕುಗ್ಗಿದ್ರೆ ಊಟ ಕಡಿಮೆ, ಊಟ ಕಡಿಮೆ ಆದ್ರೆ ಸ್ನಾಯು ಇನ್ನೂ ಕಡಿಮೆ.

ಒಳಗಿನ ಕೆಮಿಸ್ಟ್ರಿಯೂ ಉಂಟು. ದೀರ್ಘ ಕಾಯಿಲೆಯಲ್ಲಿ ರಕ್ತದಲ್ಲಿ ಏರುವ ಉರಿಯೂತದ ವಸ್ತುಗಳಾದ ಐಎಲ್-6, ಟಿಎನ್‌ಎಫ್-ಆಲ್ಫಾ ಸ್ನಾಯುವನ್ನೂ ಕರಗಿಸ್ತದೆ, ಮೂಡಿಗೂ ಅದರ ಸಂಬಂಧ ಉಂಟು. 2014ರಲ್ಲಿ ಇಲಿಗಳಲ್ಲಿ ಕಂಡದ್ದು: ವ್ಯಾಯಾಮ ಮಾಡಿದ ಸ್ನಾಯು ಕೈನುರೆನಿನ್ ಅನ್ನುವ ವಸ್ತುವನ್ನು ಮೆದುಳಿಗೆ ದಾಟದ ರೂಪಕ್ಕೆ ಬದಲಿಸ್ತದೆ, ಅದರಿಂದ ಒತ್ತಡದ ಡಿಪ್ರೆಶನ್‌ನಿಂದ ರಕ್ಷಣೆ ಸಿಗ್ತದೆ. ಪಾರ್ಶ್ವವಾಯು ಆದವರಲ್ಲಂತೂ ಸುಮಾರು ಮೂರರಲ್ಲಿ ಒಬ್ಬರಿಗೆ ಡಿಪ್ರೆಶನ್ ಬರ್ತದೆ. ಆದ್ರೆ ಸಾರ್ಕೋಪೀನಿಯಾ-ಡಿಪ್ರೆಶನ್ ಮೇಲಿನ ತುಂಬಾ ಅಧ್ಯಯನಗಳು ಒಂದೇ ಹೊತ್ತಿಗೆ ಎರಡನ್ನೂ ಅಳೆದವು, ಪರೀಕ್ಷೆಯಲ್ಲಿ "ಇದೇ ಕಾರಣ" ಅಂತ ಬರೀಬೇಡಿ, ಸಂಬಂಧ ಉಂಟು ಅಂತ ಬರೀರಿ.

ಸ್ಕ್ರೀನಿಂಗ್‌ನಲ್ಲಿ ಗೊಂದಲ ಜಾಸ್ತಿ, ಇಲ್ಲಿ ನಿಧಾನ ಓದಿ. ಡಿಪ್ರೆಶನ್ ಪತ್ತೆಗೆ ಬಳಸುವ 9 ಪ್ರಶ್ನೆಗಳ ಪಿಎಚ್‌ಕ್ಯೂ-9ರಲ್ಲಿ ಸುಸ್ತು, ನಿದ್ದೆ, ಹಸಿವು ಎಲ್ಲ ಕೇಳ್ತಾರೆ, ಹಾರ್ಟ್ ಫೇಲ್ಯೂರ್ ಇದ್ದವರಿಗೂ ಅದೆಲ್ಲ ಇರ್ತದೆ. ಅದಕ್ಕೇ ಜೀರಿಯಾಟ್ರಿಕ್ ಡಿಪ್ರೆಶನ್ ಸ್ಕೇಲ್‌ನಲ್ಲಿ ದೇಹದ ಲಕ್ಷಣಗಳನ್ನು ಆದಷ್ಟು ಬಿಟ್ಟಿದ್ದಾರೆ, ಚಿಕ್ಕದರಲ್ಲಿ 15 ಪ್ರಶ್ನೆ, ಹೌದು-ಇಲ್ಲ ಅಷ್ಟೇ. ಅದರಲ್ಲೂ "ಹೊರಗೆ ಹೋಗುದಕ್ಕಿಂತ ಮನೆಯಲ್ಲೇ ಇರ್ಲಿಕ್ಕೆ ಇಷ್ಟವಾ" ಅನ್ನುವುದಕ್ಕೆ ಕಾಲು ಬಲ ಇಲ್ಲದವರು ಹೌದು ಅಂದೇ ಅಂತಾರೆ, ಯಾಕೆ ಅಂತ ಕೇಳಿ. ನಮ್ಮಲ್ಲಿ ನರ್ಸ್ ಮಲಯಾಳ, ಅಜ್ಜಿ ತುಳು ಅಥವಾ ಕನ್ನಡ ಆಗಿರ್ಬಹುದು, ಮಗನನ್ನು ಮಧ್ಯ ನಿಲ್ಲಿಸಿ ಕೇಳಿಸಿದ್ರೆ ಸಾಯಬೇಕು ಅನ್ನಿಸ್ತದಾ ಅನ್ನುವ ಪ್ರಶ್ನೆಗೆ ಸತ್ಯ ಬರುದು ಕಷ್ಟ. ಆ ಭಾಷೆ ಬರುವವರು ಮನೆಯವರಿಲ್ಲದಾಗ ಅಜ್ಜಿಯ ಜೊತೆ ಕೂತು ನೇರವಾಗಿ ಕೇಳಲೇಬೇಕು, ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುದಿಲ್ಲ. ಹೌದು ಅಂದ್ರೆ ಅವರನ್ನು ಒಬ್ಬರೇ ಬಿಡದೆ ಅವತ್ತೇ ಡಾಕ್ಟರಿಗೆ ತಿಳಿಸಿ, ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಕೂಡ ಉಂಟು.

ಹಿಮೋಗ್ಲೋಬಿನ್, ಥೈರಾಯ್ಡ್, ಬಿ12, ಸೋಡಿಯಂ ನೋಡದೆ ಡಿಪ್ರೆಶನ್ ಅಂತ ತೀರ್ಮಾನ ಬೇಡ.

ಆರೈಕೆಯಲ್ಲಿ ಪ್ರೋಟೀನ್ ಕಿಲೋ ತೂಕಕ್ಕೆ ದಿನಕ್ಕೆ 1ರಿಂದ 1.2 ಗ್ರಾಂ, ಕಿಡ್ನಿ ತೊಂದರೆ ಇದ್ರೆ ಡಾಕ್ಟರ್ ಹೇಳಿದಷ್ಟೇ. 50 ಕಿಲೋ ಅಜ್ಜಿಗೆ 50-60 ಗ್ರಾಂ ಬೇಕು, ಒಂದು ಮೊಟ್ಟೆಯಲ್ಲಿ 6 ಗ್ರಾಂ, ಗಂಜಿ-ಉಪ್ಪಿನಕಾಯಿಯಲ್ಲಿ ಇದು ತಲುಪುದೇ ಇಲ್ಲ, ಹೆಸರು, ಹುರುಳಿ, ಮೊಸರು, ತಿನ್ನುವವರಿಗೆ ಬೂತಾಯಿ ಬಂಗುಡೆ ಸೇರಿಸ್ಬೇಕು. ಬಲದ ವ್ಯಾಯಾಮದಿಂದ ಖಿನ್ನತೆಯ ಲಕ್ಷಣ ಇಳಿಯುತ್ತದೆ ಅಂತ 2018ರಲ್ಲಿ 33 ಟ್ರಯಲ್ ಒಟ್ಟುಗೂಡಿಸಿ ತೋರಿಸಿದ್ದಾರೆ, ಎಲ್ಲ ವಯಸ್ಸಿನವರು ಸೇರಿದ ಲೆಕ್ಕ ಅದು. ಕುರ್ಚಿಯಿಂದ ಎದ್ದು ಕೂರುವುದೇ ಮೊದಲ ವ್ಯಾಯಾಮ. ಔಷಧಿ ಬೇಕಾದವರಿಗೆ ಔಷಧಿ ತಪ್ಪಿಸಬಾರದು, ಆದ್ರೆ ಬಿಪಿಗೆ ಥಯಾಜೈಡ್ (ಮೂತ್ರ ಹೆಚ್ಚಿಸುವ ಮಾತ್ರೆ) ತಗೊಳ್ಳುವವರಿಗೆ ಎಸ್‌ಎಸ್‌ಆರ್‌ಐ ಗುಂಪಿನ ಡಿಪ್ರೆಶನ್ ಮಾತ್ರೆ ಶುರು ಮಾಡಿದ್ರೆ ಸೋಡಿಯಂ ಇಳಿಯಬಹುದು, ಆಗ ಬರುವ ಮಂಕು, ತಲೆ ತಿರುಗು, ಬೀಳುವುದನ್ನು ನೋಡಿ ಕಾಯಿಲೆ ಜಾಸ್ತಿ ಆಯ್ತು ಅಂದ್ಕೊಳ್ಳದೆ ರಕ್ತ ಪರೀಕ್ಷೆ ಮಾಡಿಸ್ಬೇಕು.