ಫೋಟೋ ಅಸಲಿ, ಸುದ್ದಿ ನಕಲಿ: ಫಾರ್ವರ್ಡ್ ಪೋಸ್ಟ್ ನಂಬೋದು ಹೇಗೆ?

ಪ್ರಶ್ನೆ: ನಮ್ಮ ಓಣಿಯ ವಾಟ್ಸಾಪ್ ಗ್ರೂಪಿನಲ್ಲಿ ದಿನಾ ಏನಾದರೂ ಫೋಟೋ, ವಿಡಿಯೋ ಬರುತ್ತಲೇ ಇರುತ್ತವೆ. ಯಾವುದು ನಿಜ, ಯಾವುದು ಎಡಿಟ್ ಮಾಡಿದ್ದು ಅಂತ ನೋಡಿದ ಕೂಡಲೇ ಹೇಳೋಕೆ ಏನಾದರೂ ಗುರುತು ಇದೆಯಾ? (ಹುಬ್ಬಳ್ಳಿಯ ಓದುಗರೊಬ್ಬರು)

ಫೋಟೋ ಒಂದನ್ನೇ ದಿಟ್ಟಿಸಿ ನೋಡುತ್ತಾ ಕೂತರೆ ಬಹಳ ಸಲ ಏನೂ ಸಿಗುವುದಿಲ್ಲ. ಯಾಕಂದ್ರೆ ದಾರಿ ತಪ್ಪಿಸುವ ಎಷ್ಟೋ ಪೋಸ್ಟ್‌ಗಳಲ್ಲಿ ಫೋಟೋವನ್ನು ಯಾರೂ ಮುಟ್ಟಿರುವುದೇ ಇಲ್ಲ. ಫೋಟೋ ಅಸಲಿಯೇ. ಊರು ಬೇರೆ, ವರ್ಷ ಬೇರೆ. ಹಾಗಾಗಿ ಮೊದಲ ಅನುಮಾನ ಜೊತೆಗಿರುವ ಬರಹದ ಮೇಲೆ ಇರಲಿ.

2018ರ ಮಕ್ಕಳ ಕಳ್ಳರ ವಿಡಿಯೋ ನೆನಪಿದೆಯಲ್ವಾ? ಬೈಕ್ ಮೇಲೆ ಬಂದ ಇಬ್ಬರು ಬೀದಿಯಲ್ಲಿದ್ದ ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯ. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆ ಬಗ್ಗೆ ಮಾಡಿದ್ದ ಜಾಗೃತಿ ವಿಡಿಯೋ. ಕೊನೆಯಲ್ಲಿ ಮಗುವನ್ನು ವಾಪಸ್ ತಂದು ಬಿಡುತ್ತಾರೆ. ಆ ಕೊನೆಯ ತುಣುಕನ್ನು ಕತ್ತರಿಸಿ ಉಳಿದದ್ದನ್ನು ಹಂಚಿದರು. ಅದೇ ವರ್ಷ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಇಂಥದೇ ವದಂತಿಗೆ ಹೈದರಾಬಾದಿನ ಎಂಜಿನಿಯರ್ ಒಬ್ಬರು ಬಲಿಯಾದರು.

ತಿದ್ದಿದ ಚಿತ್ರಗಳೂ ಇರುತ್ತವೆ. 2022ರ ಏಪ್ರಿಲ್ 16ರ ರಾತ್ರಿ ಹಳೇ ಹುಬ್ಬಳ್ಳಿ ಪೊಲೀಸ್ ಠಾಣೆ ಮುಂದೆ ಕಲ್ಲು ತೂರಾಟವಾಗಿ ಪೊಲೀಸರು ಗಾಯಗೊಂಡರಲ್ಲ, ಅದಕ್ಕೆ ಕಿಡಿ ಹೊತ್ತಿಸಿದ್ದು ಎಡಿಟ್ ಮಾಡಿದ ಒಂದು ವಾಟ್ಸಾಪ್ ಸ್ಟೇಟಸ್. ಇಂಥವು ನಮ್ಮನ್ನು ನಂಬಿಸುವುದಕ್ಕಿಂತ ಕೆರಳಿಸೋಕೆ ಹುಟ್ಟಿದವು. ಓದಿದ ಕೂಡಲೇ ಮೈ ಉರಿದರೆ, ‘ಡಿಲೀಟ್ ಆಗೋ ಮೊದಲು ಎಲ್ಲರಿಗೂ ಕಳಿಸಿ’, ‘ಇದನ್ನು ಟಿವಿಯವರು ತೋರಿಸಲ್ಲ’ ಅಂತ ಅವಸರ ಮಾಡಿದರೆ, ಅದೇ ನೀವು ಕೇಳಿದ ಗುರುತು. ಅದನ್ನು ನೋಡೋಕೆ ಯಾವ ಆ್ಯಪೂ ಬೇಡ.

ಈಗ ಒಂದು ವಿಡಿಯೋ ಬಂತು ಅಂದುಕೊಳ್ಳಿ. ಮಳೆಗಾಲ. ಸೇತುವೆಯೊಂದು ಕೊಚ್ಚಿಹೋಗುತ್ತಿದೆ. ಮೇಲೆ ‘ಹಾವೇರಿ, ವರದಾ ನದಿ, ಇಂದು ಬೆಳಿಗ್ಗೆ’ ಅಂತ ಇದೆ. ಸೇತುವೆ ಬಿಡಿ, ಸುತ್ತಮುತ್ತ ನೋಡಿ. ನಿಂತ ಗಾಡಿಗಳ ನಂಬರ್ ಏನು? ಹಾವೇರಿಯದು ಕೆಎ 27, ಗದಗಿನದು 26, ಧಾರವಾಡದ್ದು 25, ಹುಬ್ಬಳ್ಳಿಯದು 63. ನಿಂತವುಗಳಲ್ಲಿ ಒಂದೂ ಕೆಎ ಗಾಡಿ ಇಲ್ಲ ಅಂದ್ರೆ ಅನುಮಾನ ಪಡಿ. ಅಂಗಡಿ ಬೋರ್ಡು ಯಾವ ಭಾಷೆಯದು? ಸ್ಟೇರಿಂಗ್ ಯಾವ ಕಡೆ ಇದೆ? ಕೂಗುತ್ತಿರುವವರ ಮಾತು ನಮ್ಮ ಕಡೆಯದಾ? ಧ್ವನಿಯನ್ನು ಬೇರೆ ಕಡೆಯಿಂದ ತಂದು ಅಂಟಿಸಬಹುದು, ಹಾಗಾಗಿ ಅದೊಂದನ್ನೇ ನಂಬಬೇಡಿ. ‘ಇಂದು ಬೆಳಿಗ್ಗೆ’ ಅನ್ನುವುದಂತೂ ತಾರೀಖೇ ಅಲ್ಲ. ಮುಂದಿನ ವರ್ಷ ಕಳಿಸಿದರೂ ಅದು ಇಂದು ಬೆಳಿಗ್ಗೆಯೇ.

ಊರಿನ ತಿಳಿವಳಿಕೆ ಎಷ್ಟು ಕೆಲಸಕ್ಕೆ ಬರುತ್ತದೆ ನೋಡಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟ್ ಕೊಚ್ಚಿಹೋಗಿದ್ದು ನಿಜ. ಆ ನಿಜಕ್ಕೆ ಜೋಡಿಸಿ ‘ಮುಂಡರಗಿ, ರಾಣೆಬೆನ್ನೂರು ಕಡೆ ಊರುಗಳು ಮುಳುಗುತ್ತವೆ, ಓಡಿ’ ಅಂತ ಯಾರಾದರೂ ಹಾಕಿದರೆ? ನದಿ ಈ ತಾಲೂಕುಗಳನ್ನು ದಾಟಿಕೊಂಡೇ ಹೊಸಪೇಟೆಯ ಜಲಾಶಯ ಸೇರುತ್ತದೆ. ಗೇಟ್ ಮುರಿದರೆ ನೀರು ಹೋಗುವುದು ಕೊಪ್ಪಳ, ಬಳ್ಳಾರಿ, ರಾಯಚೂರು ಕಡೆಗೆ. ಹೊಳೆ ಹಿಂದಕ್ಕೆ ಹರಿಯಲ್ಲ. ಇದನ್ನು ಹೇಳೋಕೆ ಹೊಳೆದಂಡೆಯ ಯಾವ ರೈತರಾದರೂ ಸಾಕು.

ಅಷ್ಟಾದರೂ ಗೊತ್ತಾಗದಿದ್ದರೆ, ಫೋಟೋ ಕೊಟ್ಟರೆ ಅದೇ ಥರದ ಫೋಟೋ ಹುಡುಕಿಕೊಡುವ ಗೂಗಲ್ ಲೆನ್ಸ್ ಇದೆ. ವಿಡಿಯೋವನ್ನು ಒಂದು ಸ್ಪಷ್ಟ ದೃಶ್ಯದಲ್ಲಿ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆಯಿರಿ. ಮೇಲಿನ ಬರಹ ಕತ್ತರಿಸಿ ಲೆನ್ಸ್‌ಗೆ ಹಾಕಿ. ಅದೇ ದೃಶ್ಯ 2019ರಲ್ಲೇ ಎಲ್ಲೋ ಪ್ರಕಟವಾಗಿದ್ದರೆ ಕಥೆ ಮುಗಿಯಿತು. ಏನೂ ಸಿಗದಿದ್ದರೆ ನಿಜ ಅಂತ ಅಲ್ಲ. ಹುಡುಕಾಟಕ್ಕೆ ಸಿಗದಿರಲಿ ಅಂತ ಕೆಲವರು ಫೋಟೋವನ್ನು ಎಡಬಲ ತಿರುಗಿಸಿ ಹಾಕುತ್ತಾರೆ. ನೀವೂ ತಿರುಗಿಸಿ ಇನ್ನೊಮ್ಮೆ ಹುಡುಕಿ.

ಸುಳ್ಳೇ ಇಲ್ಲದ ಮೋಸವೂ ಉಂಟು, ನನ್ನ ಪ್ರಕಾರ ಇದನ್ನು ಹಿಡಿಯುವುದೇ ಕಷ್ಟ. ಬ್ಯಾಡಗಿ ಮಾರುಕಟ್ಟೆಯಲ್ಲಿ ಒಂದು ಲಾಟ್ ಮೆಣಸಿನಕಾಯಿಗೆ ಒಳ್ಳೇ ರೇಟು ಸಿಕ್ಕಿತು ಅನ್ನಿ. ಆ ಚೀಟಿಯ ಫೋಟೋ ಹಾಕಿ ‘ರೇಟು ಏರಿದೆ, ಮಾಲು ತನ್ನಿ’ ಅಂತ ಬರೆದರೆ ಚೀಟಿಯೂ ನಿಜ, ರೇಟೂ ನಿಜ. ಆದರೆ ಉಳಿದ ಲಾಟ್‌ಗಳು ಎಷ್ಟಕ್ಕೆ ಹೋದವು? ಗರಿಷ್ಠ ದರದ ಜೊತೆ ಕನಿಷ್ಠ ದರ, ಹೆಚ್ಚಿನ ಮಾಲು ಮಾರಿದ ದರ ಕೇಳದೆ ಗಾಡಿ ಹೇರಬೇಡಿ.

ಫೇಸ್‌ಬುಕ್‌ನಲ್ಲಿ ಇನ್ನೊಂದು ಪರೀಕ್ಷೆ ಮಾಡಿ. ಪೋಸ್ಟಿನ ಒಂದು ಸಾಲನ್ನು ಕಾಪಿ ಮಾಡಿ ಹುಡುಕಿ. ಹತ್ತು ಬೇರೆ ಬೇರೆ ಅಕೌಂಟ್‌ಗಳಲ್ಲಿ ಅದೇ ಸಾಲು, ಅದೇ ಕಾಗುಣಿತದ ತಪ್ಪಿನ ಸಮೇತ ಸಿಕ್ಕರೆ, ಯಾರೋ ಬರೆದುಕೊಟ್ಟಿದ್ದನ್ನು ಎಲ್ಲರೂ ಅಂಟಿಸಿದ್ದಾರೆ ಅಂತ. ವಾಟ್ಸಾಪ್‌ನ ಎರಡು ಬಾಣದ ಗುರುತು ಆ ಮೆಸೇಜ್ ಐದಕ್ಕಿಂತ ಕಡಿಮೆಯಿಲ್ಲದಷ್ಟು ಕೈ ದಾಟಿ ಬಂದಿದೆ ಅನ್ನುತ್ತದೆ, ಅಷ್ಟೇ. ಸೇವ್ ಮಾಡಿ ಹೊಸದಾಗಿ ಕಳಿಸಿದರೆ ಆ ಗುರುತೂ ಹೋಗುತ್ತದೆ.

ಎಐ ಚಿತ್ರಗಳಲ್ಲಿ ಬೆರಳು ಎಣಿಸುವ ಕಾಲ ಮುಗಿಯುತ್ತಾ ಬಂದಿದೆ. ಹಿಂದೆ ಕಾಣುವ ಕನ್ನಡ ಬೋರ್ಡಿನ ಒತ್ತಕ್ಷರ ನೋಡಿ, ಅಲ್ಲಿ ಎಡವಿರಬಹುದು. ಹೆಸರಾಂತರು ದುಡ್ಡು ದುಪ್ಪಟ್ಟು ಮಾಡಿಕೊಡುವ ವಿಡಿಯೋ ಬಂದರಂತೂ ಒತ್ತಕ್ಷರ ನೋಡುವ ಗೋಜೂ ಬೇಡ. ತಮ್ಮ ಹೆಸರಿನಲ್ಲಿ ಇಂಥ ನಕಲಿ ವಿಡಿಯೋ ಓಡಾಡುತ್ತಿವೆ ಅಂತ ನಾರಾಯಣ ಮೂರ್ತಿಯವರೇ 2023ರ ಡಿಸೆಂಬರಿನಲ್ಲಿ ಎಚ್ಚರಿಸಿದ್ದರು. ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಇನ್ನು ಗ್ರೂಪಿನಲ್ಲಿ ಹಾಕಿದವರ ವಿಷಯ. ಎಲ್ಲರೆದುರು ‘ಇದು ಫೇಕ್’ ಅಂದರೆ ಕಾಕಾ ಹಟಕ್ಕೆ ಬಿದ್ದು ಇನ್ನೂ ನಾಲ್ಕು ಕಳಿಸುತ್ತಾರೆ. ಅವರೊಬ್ಬರಿಗೇ ಹಳೇ ತಾರೀಖಿನ ಲಿಂಕ್ ಹಾಕಿ, ‘ಕಾಕಾ, ಈ ವಿಡಿಯೋ ಹಳೇದೈತ್ರಿ, ನೀವ ಒಮ್ಮೆ ನೋಡ್ರಿ’ ಅನ್ನಿ. ಕಳಿಸಿ ಎರಡು ದಿನ ಆಗಿಲ್ಲದಿದ್ದರೆ ಅವರೇ ಎಲ್ಲರ ಫೋನಿನಿಂದಲೂ ಡಿಲೀಟ್ ಮಾಡಬಹುದು. ಅವರು ಮಾಡದಿದ್ದರೆ ಗ್ರೂಪ್ ಅಡ್ಮಿನ್ ಮಾಡಬಹುದು.