ಮೊಣಕೈ ಮುಂದಿನ ವೇನ್‌ಗಳು: ಎನ್ ಯಾವುದು, ಎಂ ಯಾವುದು?

ಕೈಯ ಚರ್ಮದ ಕೆಳಗೆ ಎರಡು ಮುಖ್ಯ ವೇನ್‌ಗಳು, ಅಂದರೆ ರಕ್ತವನ್ನು ಹೃದಯಕ್ಕೆ ಒಯ್ಯುವ ನಾಳಗಳು: ಸೆಫಾಲಿಕ್ ಹೆಬ್ಬೆರಳಿನ ಕಡೆ, ಬೆಸಿಲಿಕ್ ಕಿರುಬೆರಳಿನ ಕಡೆ. ಎರಡೂ ಅಂಗೈಯ ಹಿಂಬದಿಯ ಜಾಲದಿಂದ ಹೊರಟು ಮೇಲೆ ಹೋಗುತ್ತವೆ. ಇದು ಎಲ್ಲರಿಗೂ ಗೊತ್ತಿರುತ್ತದೆ, ಬಿಡಿ. ತಲೆ ಕೆಡಿಸುವುದು ಮೊಣಕೈ ಮಡಚುವ ಜಾಗ.

ಅಲ್ಲಿ ಇಂಗ್ಲಿಷ್ ಅಕ್ಷರಗಳ (N, M) ಆಕಾರದ ಎರಡು ಮಾದರಿಗಳನ್ನು ಓದುತ್ತೇವೆ. ಒಂದು ಎನ್: ಮೀಡಿಯನ್ ಕ್ಯೂಬಿಟಲ್ ವೇನ್ ಸೆಫಾಲಿಕ್‌ನಿಂದ ಹೊರಟು ಓರೆಯಾಗಿ ಮೇಲೆ ಹತ್ತಿ ಬೆಸಿಲಿಕ್ ಸೇರುತ್ತದೆ. ಇನ್ನೊಂದು ಎಂ: ಮುಂಗೈ ನಡುವೆ ಬರುವ ಮೀಡಿಯನ್ ವೇನ್ ಕವಲೊಡೆಯುತ್ತದೆ. ಒಂದು ಕವಲು ಸೆಫಾಲಿಕ್‌ಗೆ, ಇನ್ನೊಂದು ಬೆಸಿಲಿಕ್‌ಗೆ.

ಓದುವಾಗ ಸಲೀಸು. ಸ್ವಂತ ಕೈ ಮೇಲೆ ಹುಡುಕಿದರೆ ಅಕ್ಷರವೇ ಕಾಣುವುದಿಲ್ಲ! ಯಾಕೆ ಅಂತ ನಿಧಾನವಾಗಿ ನೋಡೋಣ.

ಎದುರಿಗೆ ಒಬ್ಬರು ಅಂಗೈ ಮುಂದೆ ಮಾಡಿ, ಕೈ ಇಳಿಬಿಟ್ಟು ನಿಂತಿದ್ದಾರೆ. ಅವರ ಎಡಗೈ ನೋಡಿ. ಸೆಫಾಲಿಕ್ ನಿಮ್ಮ ಬಲಕ್ಕೆ, ಬೆಸಿಲಿಕ್ ನಿಮ್ಮ ಎಡಕ್ಕೆ. ನಡುವಿನ ಓರೆ ಗೆರೆ ಕೆಳಗೆ ಬಲದಿಂದ ಮೇಲೆ ಎಡಕ್ಕೆ ಹೋಗುತ್ತದೆ. ಸರಿಯಾದ ಎನ್. ಈಗ ಅವರ ಬಲಗೈ: ಎಲ್ಲ ಉಲ್ಟಾ, ಕನ್ನಡಿಯಲ್ಲಿ ಕಂಡ ಎನ್. ನಿಮ್ಮದೇ ಎಡಗೈ ಮುಂದೆ ಚಾಚಿದರೂ ಎನ್ ಎನ್ ಆಗಿಯೇ ಇರುತ್ತದೆ, ಯಾಕೆಂದರೆ ಆ ಅಕ್ಷರವನ್ನು ತಲೆಕೆಳಗೆ ತಿರುಗಿಸಿದರೂ ಬದಲಾಗುವುದಿಲ್ಲ. ಎಂ ಹಾಗಲ್ಲ. ಎಡ ಬಲ ಎರಡೂ ಕೈಯಲ್ಲಿ ಒಂದೇ ಥರ, ಆದರೆ ನಿಮ್ಮ ಕೈ ನೀವೇ ಚಾಚಿ ನೋಡಿಕೊಂಡರೆ ಡಬ್ಲ್ಯೂ!

ಹಾಗಾಗಿ ಅಕ್ಷರ ಬಿಟ್ಟು ಒಂದೇ ಪ್ರಶ್ನೆ ಕೇಳಿ: ನಡುವಿನಿಂದ ಬಂದ ವೇನ್ ಎರಡಾಗಿ ಒಡೆಯಿತಾ? ಹೌದಾದರೆ ಎಂ. ಸೆಫಾಲಿಕ್‌ನಿಂದ ಬೆಸಿಲಿಕ್‌ಗೆ ನೇರ ಸೇತುವೆ ಇದ್ದರೆ ಎನ್. ಎರಡೂ ಇಲ್ಲದ ಕೈಗಳೂ ಇವೆ. ಸೇತುವೆಯೇ ಇರುವುದಿಲ್ಲ, ಅಥವಾ ಸೆಫಾಲಿಕ್‌ನ ರಕ್ತ ಪೂರ್ತಿ ಬೆಸಿಲಿಕ್‌ಗೆ ಹರಿದು, ತೋಳಿನ ಸೆಫಾಲಿಕ್ ದಾರದಷ್ಟೇ ಉಳಿದಿರುತ್ತದೆ.

ಈ ಆಟ ಸೆಫಾಲಿಕ್‌ನದೇ ಜಾಸ್ತಿ ಯಾಕೆ? ಭ್ರೂಣದಲ್ಲಿ ಕೈ ಮೊಳೆಯುವಾಗ ಅಂಚಿನುದ್ದಕ್ಕೂ ಒಂದು ವೇನ್ ಇರುತ್ತದೆ. ಅದರ ಕಿರುಬೆರಳಿನ ಕಡೆಯ ಭಾಗವೇ ಉಳಿದು ಬೆಸಿಲಿಕ್ ಮತ್ತು ಕಂಕುಳಿನ ಆಕ್ಸಿಲರಿ ವೇನ್ ಆಗುತ್ತದೆ. ಸೆಫಾಲಿಕ್ ತಡವಾಗಿ ಬರುವವನು. ಮೊದಲು ಕತ್ತಿನ ಎಕ್ಸ್‌ಟರ್ನಲ್ ಜುಗುಲರ್ ವೇನ್‌ಗೆ ಸೇರುತ್ತದೆ, ಆಮೇಲೆ ಆಕ್ಸಿಲರಿಗೆ ದಾರಿ ಮಾಡಿಕೊಳ್ಳುತ್ತದೆ. ಕೆಲವರಲ್ಲಿ ಹಳೆಯ ದಾರಿ ಮುಚ್ಚುವುದೇ ಇಲ್ಲ. ಆಗ ಕಾಲರ್ ಬೋನ್ ಮೇಲೆ ಹಾದು ಹೋಗುವ ಜುಗುಲೋಸೆಫಾಲಿಕ್ ವೇನ್ ಸಿಗುತ್ತದೆ. ಕಾಲರ್ ಬೋನ್ ಮುರಿದಾಗ ಅದಕ್ಕೂ ಪೆಟ್ಟಾಗಬಹುದು.

ವಾರ್ಡಿನಲ್ಲಿ ಇದೆಲ್ಲ ಎಲ್ಲಿ ಬರುತ್ತದೆ? ತೋಳಿನ ವೇನ್ ಮೂಲಕ ಹೃದಯದ ಹತ್ತಿರದವರೆಗೆ ತೂರಿಸುವ ಉದ್ದನೆಯ ಟ್ಯೂಬ್, ಅಂದರೆ ಪಿಕ್ ಲೈನ್‌ಗೆ ಸಾಮಾನ್ಯವಾಗಿ ಬೆಸಿಲಿಕ್ ಮೊದಲ ಆಯ್ಕೆ. ಅದು ದಪ್ಪ, ದಾರಿಯೂ ನೇರ. ಸೆಫಾಲಿಕ್ ಆಕ್ಸಿಲರಿ ಸೇರುವಲ್ಲಿ ಚೂಪಾಗಿ ತಿರುಗುವುದರಿಂದ ಟ್ಯೂಬ್ ಸಿಕ್ಕಿಕೊಳ್ಳಬಹುದು. ಡಯಾಲಿಸಿಸ್‌ಗಾಗಿ ಆರ್ಟರಿ (ಹೃದಯದಿಂದ ರಕ್ತ ತರುವ ನಾಳ) ಮತ್ತು ವೇನ್ ಜೋಡಿಸಿ ಮಾಡುವ ಫಿಸ್ಟುಲಾದಲ್ಲಿ ಕಥೆ ಬೇರೆ. 1966ರಲ್ಲಿ ಬ್ರೆಸ್ಕಿಯಾ ಮತ್ತು ಸಿಮಿನೊ ತಂಡ ವರದಿ ಮಾಡಿದ ಫಿಸ್ಟುಲಾದಲ್ಲಿ ಮಣಿಕಟ್ಟಿನ ಬಳಿ ರೇಡಿಯಲ್ ಆರ್ಟರಿಗೆ ಸೆಫಾಲಿಕ್ ಜೋಡಿಸುತ್ತಾರೆ. ಆ ಸೆಫಾಲಿಕ್ಕೇ ಸಣ್ಣದಾಗಿದ್ದರೆ? ಅದಕ್ಕೇ ಮೊದಲು ಅಲ್ಟ್ರಾಸೌಂಡ್ ಮಾಡಿ ಅಳೆಯುವುದು.

ವೈವಾಕ್ಕೆ (ಬಾಯಿ ಪರೀಕ್ಷೆಗೆ) ಇನ್ನೊಂದು. ಮೀಡಿಯನ್ ಕ್ಯೂಬಿಟಲ್ ಸೂಜಿಗೆ ಜಾರುವುದಿಲ್ಲ, ಯಾಕೆಂದರೆ ಒಳಗಿನ ವೇನ್‌ಗಳಿಗೆ ಸೇರುವ ಒಂದು ಕೊಂಡಿ ಅದನ್ನು ಹಿಡಿದಿಟ್ಟಿರುತ್ತದೆ. ಅದರ ಅಡಿಗೆ ಬೈಸಿಪಿಟಲ್ ಅಪೊನ್ಯೂರೋಸಿಸ್ ಎಂಬ ಗಟ್ಟಿ ಪದರ, ಅದರಡಿಗೆ ಬ್ರೇಕಿಯಲ್ ಆರ್ಟರಿ. ಆದರೆ ಕೆಲವರಲ್ಲಿ ಅಲ್ನರ್ ಆರ್ಟರಿ ಈ ಪದರದ ಮೇಲೆಯೇ, ಚರ್ಮದ ಕೆಳಗೇ ಓಡುತ್ತದೆ. ನೋಡಲು ಥೇಟ್ ವೇನ್. ಟೂರ್ನಿಕೆಟ್ (ತೋಳಿಗೆ ಕಟ್ಟುವ ಪಟ್ಟಿ) ಬಿಗಿದರೆ ಮಿಡಿತ ಅಡಗಿಹೋಗಬಹುದು, ಹಾಗಾಗಿ ಕಟ್ಟುವ ಮೊದಲೇ ಬೆರಳಿಟ್ಟು ನೋಡಿ.