ಬಾಳೆಹಣ್ಣು ಹಾಕಿದ್ದೀರಾ ಅಂತ ಕೇಳೋರಿಗೆ ಬ್ರೂವರ್ ಉತ್ತರ

ನಾನು ಪಬ್‌ನಲ್ಲಿ ಬಿಯರ್ ಮಾಡೋ ಬ್ರೂವರ್. ಟೇಬಲ್ ಹತ್ರ ಹೋಗಿ ಬಿಯರ್ ಹೇಗಿದೆ ಸಾರ್ ಅಂತ ಕೇಳಿದ್ರೆ ನಂಗೆ ಸಿಗೋ ಉತ್ತರ ಸಾಮಾನ್ಯವಾಗಿ ಎರಡೇ, ಒಂದು ಸೂಪರ್, ಇನ್ನೊಂದು ಪರ್ವಾಗಿಲ್ಲ. ಎರಡರಿಂದಲೂ ನಂಗೆ ನಯಾಪೈಸೆ ಉಪಯೋಗ ಇಲ್ಲ. ಆದ್ರೆ ಹೆಫೆವೈಜನ್ ಅನ್ನೋ ಜರ್ಮನ್ ಗೋಧಿ ಬಿಯರ್ ಕುಡೀತಾ ಇರೋರು ಯಾರಾದ್ರೂ ಗ್ಲಾಸ್ ಮೂಸಿ ನೋಡಿ, ಸ್ವಲ್ಪ ಅನುಮಾನದಿಂದಲೇ, ಇದಕ್ಕೆ ಬಾಳೆಹಣ್ಣಿನ ಎಸೆನ್ಸ್ ಹಾಕಿದ್ದೀರಾ ಅಂತ ಕೇಳ್ತಾರಲ್ಲ, ಆಗ ನಾನು ಕುರ್ಚಿ ಎಳ್ಕೊಂಡು ಕೂತ್ಬಿಡ್ತೀನಿ. ಯಾಕಂದ್ರೆ ಆ ಪ್ರಶ್ನೆ ಹಿಡ್ಕೊಂಡು ನಾನು ನೇರವಾಗಿ ಟ್ಯಾಂಕ್ ಹತ್ರ ಹೋಗಬಹುದು.

ಹಾಕಿಲ್ಲ ಅನ್ನೋದು ಉತ್ತರ. ಅದು ಯೀಸ್ಟ್ ಮಾಡಿದ ಕೆಲಸ. ಜರ್ಮನಿಯ ವೀಟ್ ಬಿಯರ್‌ಗೆ ಅಂತಲೇ ಇರೋ ಯೀಸ್ಟ್ ತಳಿ ಸಕ್ಕರೆ ತಿಂದು ಆಲ್ಕೋಹಾಲ್ ಬಿಡುವಾಗ ಜೊತೆಗೆ ಐಸೊಅಮೈಲ್ ಅಸಿಟೇಟ್ ಅನ್ನೋದನ್ನೂ ಬಿಡತ್ತೆ, ನಿಜವಾದ ಬಾಳೆಹಣ್ಣಿನಲ್ಲೂ ಅದೇ ಇರೋದು, ಅಂಗಡೀಲಿ ಸಿಗೋ ಎಸೆನ್ಸ್ ಬಾಟಲ್‌ನಲ್ಲೂ ಅದೇ ಇರೋದು. ಏಲಕ್ಕಿ ಬಾಳೆ ಅಲ್ಲ, ಪಚ್ಚಬಾಳೆ ಪೂರ್ತಿ ಹಣ್ಣಾಗಿ ಸಿಪ್ಪೆ ಮೇಲೆ ಕಪ್ಪು ಚುಕ್ಕೆ ಬಂದಾಗ ಮನೆಯೆಲ್ಲ ಬರತ್ತಲ್ಲ ಆ ವಾಸನೆ. ಅದೇ ಗ್ಲಾಸ್‌ನಲ್ಲಿ ಇನ್ನೊಂದು ವಾಸನೆನೂ ಇರತ್ತೆ, ಲವಂಗ. ಅದೂ ನಾವು ಹಾಕಿದ್ದಲ್ಲ, 4-ವಿನೈಲ್ ಗ್ವಾಯಾಕಾಲ್ ಅಂತ, ಲವಂಗದಲ್ಲಿರೋ ಯೂಜಿನಾಲ್‌ನ ದಾಯಾದಿ. ಮ್ಯಾಶ್ ಮಾಡುವಾಗ, ಅಂದ್ರೆ ಪುಡಿ ಮಾಡಿದ ಧಾನ್ಯನ ಬಿಸಿನೀರಲ್ಲಿ ನೆನೆಸಿಡುವಾಗ, 44 ಡಿಗ್ರಿ ಹತ್ರ ಸ್ವಲ್ಪ ಹೊತ್ತು ನಿಲ್ಲಿಸಿದ್ರೆ ಧಾನ್ಯದಿಂದ ಫೆರುಲಿಕ್ ಆಸಿಡ್ ಜಾಸ್ತಿ ಬರತ್ತೆ, ಯೀಸ್ಟ್ ಅದನ್ನ ಲವಂಗ ಮಾಡತ್ತೆ. ಆಮೇಲೆ ಯೀಸ್ಟ್ ಸಕ್ಕರೆ ತಿನ್ನೋ ಹಂತ, ಅಂದ್ರೆ ಫರ್ಮೆಂಟೇಶನ್, 17-18 ಡಿಗ್ರಿಯಲ್ಲಿ ಇಟ್ರೆ ಎರಡೂ ಸಮ ಇರತ್ತೆ, 22 ದಾಟಿಸಿದ್ರೆ ಬಾಳೆ ಗೆಲ್ಲತ್ತೆ. ಹಾಗಾಗಿ "ಹೋದ ತಿಂಗಳು ಲವಂಗ ಇತ್ತು, ಈ ಸಲ ಬರೀ ಬಾಳೆ" ಅಂತ ಒಬ್ಬರು ಹೇಳಿದ್ರೆ ನಾನು ಲಾಗ್‌ಬುಕ್ ತೆಗೆದು ಟೆಂಪರೇಚರ್ ನೋಡ್ತೀನಿ, ಸೂಪರ್ ಅಂದ್ರೆ ಏನು ನೋಡ್ಲಿ?

ಬಿಯರ್ ಟೇಸ್ಟಿಂಗ್ ಅಂದ್ರೆ ನನ್ನ ಪ್ರಕಾರ ಇಷ್ಟೇ. ಮೂಗಿಗೆ ಬಾಯಿಗೆ ಬಂದದ್ದು ಏನು ಅಂತ ಹೇಳೋದು, ಆಮೇಲೆ ಅದನ್ನ ತಂದಿದ್ದು ಯಾರು ಅಂತ ಹುಡುಕೋದು, ಮಾಲ್ಟಾ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ), ಹಾಪ್ಸಾ (ಕಹಿ, ವಾಸನೆ ಕೊಡೋ ಒಂದು ಬಳ್ಳಿಯ ಹೂವು), ಯೀಸ್ಟಾ, ನೀರಾ, ಅಥವಾ ತೊಳೆಯದ ಟ್ಯಾಪಾ. 1516ರಲ್ಲಿ ಬವೇರಿಯಾದಲ್ಲಿ ಬಿಯರ್‌ಗೆ ಬಾರ್ಲಿ, ಹಾಪ್ಸ್, ನೀರು ಮೂರೇ ಹಾಕ್ಬೇಕು ಅಂತ ಕಾನೂನು ಮಾಡಿದಾಗ ಯೀಸ್ಟ್ ಹೆಸರೇ ಇರ್ಲಿಲ್ಲ, ಅಂಥದ್ದೊಂದು ಜೀವಿ ಕೆಲಸ ಮಾಡ್ತಿದೆ ಅಂತ ಅವರಿಗೆ ಗೊತ್ತಿರ್ಲಿಲ್ಲ. ಇವತ್ತಿಗೂ ಕುಡಿಯೋರಲ್ಲಿ ತುಂಬಾ ಜನಕ್ಕೆ ಯೀಸ್ಟ್ ಲೆಕ್ಕಕ್ಕೇ ಬರಲ್ಲ, ಎಲ್ಲ ಕ್ರೆಡಿಟ್ಟೂ ಹಾಪ್ಸ್‌ಗೆ ಹೋಗತ್ತೆ.

ಮಾಲ್ಟ್ ಗುರುತಿಸೋದು ನಮ್ಮವರಿಗೆ ಸುಲಭ. ಧಾನ್ಯ ಹುರಿದ ವಾಸನೆ ಗೊತ್ತಿಲ್ಲದ ಮನೆ ನಮ್ಮ ಕಡೆ ಇಲ್ಲ. ಪಿಲ್ಸ್ನರ್ ಮಾಲ್ಟ್ ಅಂದ್ರೆ ಹಸಿ ಹಿಟ್ಟು, ಸ್ವಲ್ಪ ಜೇನು. ಮ್ಯೂನಿಕ್ ಮಾಲ್ಟ್ ಅಂದ್ರೆ ಬೇಕರಿ ರಸ್ಕ್, ಬ್ರೆಡ್ಡಿನ ಕಂದು ಅಂಚು. ಕ್ರಿಸ್ಟಲ್ ಮಾಲ್ಟ್ ಬಂದ್ರೆ ಬೆಲ್ಲದ ಪಾಕ, ಇನ್ನೂ ಗಾಢವಾದ್ರೆ ಒಣದ್ರಾಕ್ಷಿ. ಸ್ಟೌಟ್ ಅನ್ನೋ ಕಪ್ಪು ಬಿಯರ್‌ನಲ್ಲಿ ಹುರಿದ ಬಾರ್ಲಿ ಅಂದ್ರೆ ಚಿಕೋರಿ ಇಲ್ಲದ ಡಿಕಾಕ್ಷನ್. ವಿದೇಶದ ಬಾಟಲ್ ಮೇಲೆ ಏನೋ ಕಾಣದ ಹಣ್ಣಿನ ಹೆಸರು ಬರೆದಿದ್ರೆ ನೀವೂ ಅದನ್ನೇ ಹೇಳ್ಬೇಕು ಅಂತೇನಿಲ್ಲ, ನಾನಂತೂ ರಾಗಿ ಬಿಯರ್ ಬಗ್ಗೆ ಬರೆಯುವಾಗ ಹುರಿಹಿಟ್ಟು ಅಂತಲೇ ಬರೀತೀನಿ, ಅದಕ್ಕಿಂತ ಸರಿಯಾದದ್ದು ಸಿಕ್ಕಿಲ್ಲ. (ರಾಗಿಯಲ್ಲಿ ಬ್ರೂ ಮಾಡೋದು ಬೇರೆ ತಲೆನೋವು, ಬಾರ್ಲಿಗಿರೋ ಥರ ಹೊಟ್ಟು ಇಲ್ಲ, ಸೋಸುವಾಗ ಗಂಜಿ ಥರ ಕಟ್ಕೊಂಡು ಕೂತ್ಬಿಡತ್ತೆ, ಭತ್ತದ ಹೊಟ್ಟು ಸೇರಿಸಿ ಬಿಡಿಸ್ಬೇಕು.)

ಹಾಪ್ಸ್ ವಿಷಯಕ್ಕೆ ಬಂದ್ರೆ ಎಲ್ಲರೂ ಹೇಳೋದು ಕಹಿ. ಸರಿ, ಆದ್ರೆ ಎಂಥ ಕಹಿ? ಧಾನ್ಯದಿಂದ ಸೋಸಿದ ಸಿಹಿ ನೀರಿಗೆ ಶುರುವಿನಲ್ಲೇ ಹಾಕಿ ಒಂದು ಗಂಟೆ ಕುದಿಸಿದ ಹಾಪ್ಸ್ ಕಹಿ ಕೊಡತ್ತೆ, ವಾಸನೆ ಎಲ್ಲ ಹಬೆ ಜೊತೆ ಹೋಗಿರತ್ತೆ. ಕುದಿ ಮುಗಿದ ಮೇಲೆ, ಅಥವಾ ಫರ್ಮೆಂಟೇಶನ್ ಆದ ಮೇಲೆ ತಣ್ಣಗೆ ಹಾಕಿದ್ದು ವಾಸನೆ ಕೊಡತ್ತೆ, ಕಹಿ ಕಮ್ಮಿ. ಅಮೆರಿಕದಲ್ಲಿ 1972ರಲ್ಲಿ ಬಿಡುಗಡೆ ಆದ ಕ್ಯಾಸ್ಕೇಡ್ ತಳಿಯ ಹಾಪ್ಸ್ ಚಕ್ಕೋತದ ಸಿಪ್ಪೆ ವಾಸನೆ, ಚೆಕ್ ದೇಶದ ಸಾಜ್ ಒಣ ಹುಲ್ಲು, ಮೆಣಸು, ಹೂವು ಎಲ್ಲ ಸೇರಿದ ಹಾಗೆ. ಹಾಪ್ಸ್ ಜಾಸ್ತಿ ಹಾಕೋ ಐಪಿಎ ಬಿಯರ್ ಕುಡಿದು "ಮಾವಿನಹಣ್ಣಿನ ಪಲ್ಪ್ ಹಾಕಿದ್ದೀರಾ" ಅಂತ ಕೇಳ್ತಾರೆ, ಅಲ್ಲಿ ಹಣ್ಣು ಇರಲ್ಲ, ಹಾಪ್ಸೇ. ಆದ್ರೆ ಬೇಸಿಗೆಯಲ್ಲಿ ಬೋರ್ಡ್ ಮೇಲೆ ಮ್ಯಾಂಗೋ ಬಿಯರ್ ಅಂತ ಬರೆದಿದ್ರೆ ಅದರಲ್ಲಿ ನಿಜವಾಗಿ ಬಾದಾಮಿ ಮಾವೋ ಬೇರೆ ಯಾವುದೋ ಹಣ್ಣು ಇರತ್ತೆ, ಅದನ್ನ ಕುಡಿದು ಸಿಹೀನೇ ಇಲ್ವಲ್ಲ ಅಂತ ಬೇಜಾರು ಮಾಡ್ಕೋತಾರೆ. ಹಣ್ಣಿನ ಸಕ್ಕರೆನ ಯೀಸ್ಟ್ ತಿಂದು ಮುಗಿಸಿರತ್ತೆ ಮಾರಾಯ್ರೆ, ಉಳಿಯೋದು ವಾಸನೆ ಮತ್ತೆ ಚೂರು ಹುಳಿ. ಜ್ಯೂಸ್ ಥರ ಸಿಹಿ ಇದ್ರೆ ಯೀಸ್ಟ್ ನಿಂತ ಮೇಲೆ ಸೇರಿಸಿದ್ದಾರೆ ಅಂತಲೇ ಅರ್ಥ.

ಮೆನುವಿನಲ್ಲಿ ಐಬಿಯು ಅಂತ ಒಂದು ನಂಬರ್ ಇರತ್ತಲ್ಲ, ಅದನ್ನ ಕಹಿಯ ಮಾರ್ಕ್ಸ್ ಕಾರ್ಡ್ ಅಂದ್ಕೋಬೇಡಿ. ಅದು ಹಾಪ್ಸ್‌ನಿಂದ ಬಂದ ಕಹಿ ವಸ್ತು ಎಷ್ಟಿದೆ ಅಂತ ಅಷ್ಟೇ ಹೇಳೋದು, ನಾಲಿಗೆಗೆ ಎಷ್ಟು ಅನ್ಸತ್ತೆ ಅಂತಲ್ಲ. 35 ಇರೋ ಸ್ಟೌಟ್ ಮಾಲ್ಟಿನ ಸಿಹಿಯಲ್ಲಿ ಮುಚ್ಚಿಹೋಗತ್ತೆ, ಅದೇ 35 ತೆಳ್ಳಗಿನ ಪಿಲ್ಸ್ನರ್‌ನಲ್ಲಿ ಚುರುಕ್ ಅನ್ಸತ್ತೆ. ನೀರೂ ಇದರಲ್ಲಿ ಕೈ ಆಡ್ಸತ್ತೆ, ಸಲ್ಫೇಟ್ ಜಾಸ್ತಿ ಇದ್ರೆ ಕಹಿ ಚೂಪಾಗತ್ತೆ, ಕ್ಲೋರೈಡ್ ಜಾಸ್ತಿ ಇದ್ರೆ ಮಾಲ್ಟ್ ದುಂಡಗೆ ಅನ್ಸತ್ತೆ. ಬೆಂಗಳೂರಿನಲ್ಲಿ ಕಾವೇರಿ ನೀರು ಒಂದು ಥರ, ಬೋರ್‌ವೆಲ್ ಟ್ಯಾಂಕರ್ ನೀರು ಇನ್ನೊಂದು ಥರ, ಹಾಗಾಗಿ ಆರ್‌ಓ ಮಾಡಿ ಆಮೇಲೆ ಜಿಪ್ಸಮ್, ಕ್ಯಾಲ್ಸಿಯಂ ಕ್ಲೋರೈಡ್ ತೂಕ ಮಾಡಿ ಹಾಕೋದು ನಮ್ಮ ಕೆಲಸದ ಒಂದು ಭಾಗ. 1842ರಲ್ಲಿ ಈಗಿನ ಚೆಕ್ ದೇಶದ ಪಿಲ್ಸೆನ್ ಊರಲ್ಲಿ ಬ್ರೂವರ್ ಜೋಸೆಫ್ ಗ್ರೋಲ್ ಮಾಡಿದ ಹೊಂಬಣ್ಣದ ಲಾಗರ್‌ಗೆ (ತಣ್ಣಗೆ ಫರ್ಮೆಂಟ್ ಮಾಡೋ ಬಿಯರ್) ಅಲ್ಲಿನ ಮೆದು ನೀರು ಒದಗಿ ಬಂತು, ನಮಗೆ ಆ ಅದೃಷ್ಟ ಮೆಶಿನ್‌ನಿಂದ ಬರ್ಬೇಕು.

ಕಹಿ ಮತ್ತೆ ಒಗರು ಎರಡನ್ನೂ ಒಂದೇ ಅಂತ ಹೇಳ್ಬಿಡ್ತಾರೆ, ಇದೊಂದು ದಯವಿಟ್ಟು ಬೇರೆ ಮಾಡಿ ಹೇಳಿ. ಕಹಿ ನಾಲಿಗೆ ರುಚಿ, ಹಾಗಲಕಾಯಿ. ಒಗರು ಅಂದ್ರೆ ಬಾಯೊಳಗಿನ ಚರ್ಮ ಎಳೆದ ಹಾಗೆ ಆಗೋದು, ಹಸಿ ಅಡಿಕೆ, ಬಾಳೆಕಾಯಿ. ಕಹಿ ಜಾಸ್ತಿ ಅಂದ್ರೆ ನಾನು ಹಾಪ್ಸ್ ಲೆಕ್ಕ ನೋಡ್ತೀನಿ, ಒಗರು ಅಂದ್ರೆ ಧಾನ್ಯ ತೊಳೆಯೋ ನೀರು 77 ಡಿಗ್ರಿ ದಾಟಿತ್ತಾ, ಪಿಎಚ್ ಏರಿತ್ತಾ ಅಂತ ನೋಡ್ತೀನಿ, ಯಾಕಂದ್ರೆ ಹಾಗಾದಾಗ ಹೊಟ್ಟಿನಲ್ಲಿರೋ ಟ್ಯಾನಿನ್ ಕರಗಿ ಬರತ್ತೆ.

ಈಗ ಬೆಣ್ಣೆ ಕಥೆ. ಲಾಗರ್ ಕುಡಿದು "ಎಷ್ಟು ಸ್ಮೂತ್, ಬೆಣ್ಣೆ ಥರ ಇದೆ" ಅಂತ ಖುಷಿಪಡೋರು ಇದಾರೆ, ಬ್ರೂವರ್‌ಗೆ ಆ ಮಾತು ಕೇಳಿದ್ರೆ ಬೆವರು. ಥಿಯೇಟರ್ ಪಾಪ್‌ಕಾರ್ನ್ ಮೇಲಿನ ಬೆಣ್ಣೆ ವಾಸನೆ, ನಾಲಿಗೆ ಮೇಲೆ ಒಂಥರಾ ಜಾರೋ ಫೀಲಿಂಗ್, ಇದು ಡೈಅಸಿಟೈಲ್. ಯೀಸ್ಟ್ ಕೆಲಸದ ನಡುವೆ ಇದರ ಮೂಲವಸ್ತುವನ್ನ ಹೊರಗೆ ಬಿಡತ್ತೆ, ಅದು ತಾನೇ ಬೆಣ್ಣೆ ಆಗತ್ತೆ, ಸಮಯ ಕೊಟ್ರೆ ಅದೇ ಯೀಸ್ಟ್ ವಾಪಸ್ ಹೀರ್ಕೊಂಡು ಕ್ಲೀನ್ ಮಾಡತ್ತೆ. ಹಾಗಾಗಿ ಲಾಗರ್ ಫರ್ಮೆಂಟೇಶನ್ ಕೊನೆಗೆ ಟ್ಯಾಂಕನ್ನ ಸ್ವಲ್ಪ ಬೆಚ್ಚಗೆ ಮಾಡಿ ಒಂದೆರಡು ದಿನ ಬಿಡ್ತೀವಿ. ವೀಕೆಂಡ್ ರಶ್, ಬಿಯರ್ ಖಾಲಿ, ಮ್ಯಾನೇಜರ್ ಒತ್ತಡ ಅಂತ ಅವಸರ ಮಾಡಿ ತಣ್ಣಗೆ ಮಾಡಿಬಿಟ್ರೆ ಯೀಸ್ಟ್ ಮಲಗಿಬಿಡತ್ತೆ, ಬೆಣ್ಣೆ ಉಳೀತದೆ. ಕಣ್ಣಿಗೆ ಕಾಣಲ್ಲ, ಆ ದಿನ ವಾಸನೇನೂ ಇರಲ್ಲ, ಮೂಲವಸ್ತುವಿಗೆ ವಾಸನೆ ಇಲ್ವಲ್ಲ, ನಿಧಾನಕ್ಕೆ ಟ್ಯಾಪ್ ಮೇಲೆ ಇದ್ದಾಗ ಹೊರಗೆ ಬರತ್ತೆ. ಅದಕ್ಕೇ ಪರೀಕ್ಷೆ ಹೇಗೆ ಮಾಡ್ತೀವಿ ಅಂದ್ರೆ, ಎರಡು ಮುಚ್ಚಿದ ಲೋಟದಲ್ಲಿ ಸ್ಯಾಂಪಲ್ ತಗೊಂಡು ಒಂದನ್ನ 60-70 ಡಿಗ್ರಿ ಬಿಸಿನೀರಲ್ಲಿ ಇಟ್ಟು, ತಣ್ಣಗಾದ ಮೇಲೆ ಎರಡನ್ನೂ ಮೂಸೋದು. ಬಿಸಿ ಮಾಡಿದ್ದರಲ್ಲಿ ಮಾತ್ರ ಬೆಣ್ಣೆ ಬಂದ್ರೆ ಟ್ಯಾಂಕ್ ಇನ್ನೂ ರೆಡಿ ಇಲ್ಲ. ಕೆಲವು ಚೆಕ್ ಲಾಗರ್, ಇಂಗ್ಲಿಷ್ ಏಲ್‌ಗಳಲ್ಲಿ ಚೂರು ಬೆಣ್ಣೆ ಇದ್ರೆ ತಪ್ಪಲ್ಲ, ಅದು ಸ್ಟೈಲ್. ಇನ್ನೊಂದು ವಿಷಯ, ಕೆಲವರ ಮೂಗಿಗೆ ಡೈಅಸಿಟೈಲ್ ಗೊತ್ತೇ ಆಗಲ್ಲ, ಬ್ರೂವರ್‌ಗಳಲ್ಲೂ ಅಂಥವರು ಇದಾರೆ, ಹಾಗಾಗಿ ಈ ಪರೀಕ್ಷೆನ ಒಬ್ಬರೇ ಮಾಡ್ಬಾರದು.

ಬೇರೆ ದೋಷಗಳು ಬೇಗ ಹೇಳಿ ಮುಗಿಸ್ತೀನಿ. ಬೇಯಿಸಿದ ಜೋಳ, ಎಲೆಕೋಸು ವಾಸನೆ ಬಂದ್ರೆ ಕುದಿ ಸಾಲ್ದು ಅಥವಾ ಮುಚ್ಚಿ ಕುದಿಸಿದ್ದಾರೆ. ಹಸಿರು ಸೇಬು ಬಂದ್ರೆ ಬಿಯರ್ ಇನ್ನೂ ಎಳೆಯದು. ಒದ್ದೆ ರಟ್ಟಿನ ವಾಸನೆ ಅಂದ್ರೆ ಆಕ್ಸಿಜನ್ ಹೊಕ್ಕಿ ಹಳೇದಾಗಿದೆ. ಬ್ಯಾಂಡೇಜ್, ಆಸ್ಪತ್ರೆ ವಾಸನೆ ಬಂದ್ರೆ ನಲ್ಲಿ ನೀರಿನ ಕ್ಲೋರಿನ್ ಸರಿಯಾಗಿ ಫಿಲ್ಟರ್ ಆಗಿಲ್ಲದೇ ಇರಬಹುದು. ಕಾಲುಚೀಲ ವಾಸನೆಗೆ ಹಳೇ ಹಾಪ್ಸ್. ಹಸಿರು ಬಾಟಲ್ ಬಿಸಿಲಲ್ಲಿ ಇಟ್ಟಿದ್ರೆ ಒಂದು ಗಬ್ಬು ವಾಸನೆ ಬರತ್ತೆ, ಬೆಳಕು ಹಾಪ್ಸ್‌ನ ಕಹಿಯನ್ನ ಒಡೆದು ಮಾಡಿದ ಗಂಧಕದ ವಾಸನೆ ಅದು. ವಿನೆಗರ್ ಹುಳಿ ಜೊತೆ ಬೆಣ್ಣೆ, ಎರಡೂ ಒಟ್ಟಿಗೆ ಬಂದ್ರೆ ಟ್ಯಾಂಕ್ ಬಿಟ್ಟು ಮೊದಲು ಪೈಪ್ ಮೇಲೆ ಅನುಮಾನ ಪಡಿ, ಬಿಯರ್ ಲೈನ್‌ನ ಎರಡು ವಾರಕ್ಕೊಮ್ಮೆ ತೊಳೀಬೇಕು, ಎಲ್ಲರೂ ತೊಳೆಯಲ್ಲ.

ನಾಲಿಗೆ ಕೆಡಿಸ್ಕೊಂಡು ಟೇಸ್ಟಿಂಗ್‌ಗೆ ಕೂರೋದು ನಮ್ಮ ಕಡೆಯ ದೊಡ್ಡ ಸಮಸ್ಯೆ. ಮೊದಲು ಚಿಲ್ಲಿ ಚಿಕನ್, ಮಸಾಲಾ ಕಡ್ಲೆಬೀಜ, ಆಮೇಲೆ ಐಪಿಎ ಬಂದು ಖಾರದ ಮೇಲೆ ಉರಿ ಹಚ್ಚತ್ತೆ, "ತುಂಬಾ ಹಾರ್ಶ್" ಅಂತ ಕಾಮೆಂಟ್. ಸ್ಯಾಂಪ್ಲರ್ ಟ್ರೇ (ಬೇರೆ ಬೇರೆ ಬಿಯರ್‌ನ ಪುಟ್ಟ ಗ್ಲಾಸ್‌ಗಳು) ತರಿಸಿದ್ರೆ ಉಪ್ಪು ಖಾರ ಇಲ್ಲದ ಮಂಡಕ್ಕಿ ಅಥವಾ ಸಾದಾ ಬ್ರೆಡ್, ನೀರು, ಇಷ್ಟು ಸಾಕು, ಹಗುರದಿಂದ ಶುರು ಮಾಡಿ, ಬ್ಲಾಂಡ್, ವೀಟ್, ಆಮೇಲೆ ಐಪಿಎ, ಸ್ಟೌಟ್ ಕೊನೆಗೆ. ಬೆಂಗಳೂರು ಇಂದಿರಾನಗರದ ಟಾಯ್ಟ್ ಪಬ್‌ನ ಬಾಸ್ಮತಿ ಬ್ಲಾಂಡ್ ಥರದ ಅಕ್ಕಿ ಸೇರಿಸಿದ ಮೆದು ಬಿಯರ್‌ನ ಸ್ಟೌಟ್ ಆದ ಮೇಲೆ ಕುಡಿದ್ರೆ ನೀರು ಕುಡಿದ ಹಾಗೇ ಅನ್ಸತ್ತೆ, ತಪ್ಪು ಆ ಬಿಯರ್‌ದಲ್ಲ. ಗಟ್ಟಿ ತಣ್ಣಗೆ ಬಂದಿದ್ರೆ ಅಂಗೈಯಲ್ಲಿ ಗ್ಲಾಸ್ ಹಿಡ್ಕೊಂಡು ಕಾಯಿರಿ, 3 ಡಿಗ್ರಿಯಲ್ಲಿ ಯಾವ ವಾಸನೆನೂ ಏಳಲ್ಲ, ಸ್ಟೌಟ್ 10 ಡಿಗ್ರಿ ದಾಟಿದ ಮೇಲೇ ಮಾತಾಡೋದು. ಗ್ಲಾಸ್ ಒಳಗೋಡೆಗೆ ಗುಳ್ಳೆ ಅಂಟ್ಕೊಂಡಿದ್ರೆ ಅದು ಸರಿಯಾಗಿ ತೊಳೆದಿಲ್ಲ, ನೊರೆನೂ ನಿಲ್ಲಲ್ಲ, ಮುಜುಗರ ಇಲ್ದೆ ಬೇರೆ ಕೇಳಿ. ಮೂಗು ಸೋತಾಗ ನಿಮ್ಮದೇ ಮೊಣಕೈ ಒಳಭಾಗ ಮೂಸಿ, ನೋಡೋರು ನಗ್ತಾರೆ, ನಗಲಿ. (ವಯಸ್ಸು 21 ಆಗಿರ್ಬೇಕು, ವಾಪಸ್ ಮೆಟ್ರೋ ಅಥವಾ ಕ್ಯಾಬ್, ಇದನ್ನ ಎರಡು ಸಲ ಹೇಳಲ್ಲ.)

ಗೆಳೆಯರ ಗುಂಪಲ್ಲಿ ಟೇಸ್ಟ್ ಮಾಡ್ತೀರಾ ಅಂದ್ರೆ ಮೊದಲು ಬಾಯಿ ಮುಚ್ಕೊಂಡು ಬರೀರಿ, ಆಮೇಲೆ ಮಾತಾಡಿ. ಯಾಕಂದ್ರೆ ಟೇಬಲ್‌ನಲ್ಲಿ ಜೋರು ದನಿಯವನು ಒಬ್ಬ "ಕಿತ್ತಳೆ ಬರ್ತಿದೆ" ಅಂದ್ರೆ ಮುಗೀತು, ಎಲ್ಲರಿಗೂ ಕಿತ್ತಳೆನೇ. ಬಿಯರ್ ಸ್ಪರ್ಧೆಗಳಿಗೆ ತೀರ್ಪುಗಾರರನ್ನ ತಯಾರು ಮಾಡೋ ಅಮೆರಿಕದ ಬಿಜೆಸಿಪಿ ಸಂಸ್ಥೆಯ ಜಡ್ಜ್‌ಗಳ ಶೀಟ್ ನೋಡಿ, 50 ಅಂಕ, ಅದರಲ್ಲಿ ವಾಸನೆಗೆ 12, ರುಚಿಗೆ 20, ನೋಟಕ್ಕೆ ಬರೀ 3, ಬಾಯಿಯ ಅನುಭವಕ್ಕೆ 5, ಒಟ್ಟಾರೆ 10. ನಮ್ಮಲ್ಲಿ ಆ 3 ಅಂಕದ ವಿಷಯಕ್ಕೇ ಫೋಟೋ ತೆಗೆದು ತೆಗೆದು ನೊರೆ ಇಳಿದು ಹೋಗಿರತ್ತೆ.

ಮತ್ತೆ ಈ ಪಬ್‌ನ ವೀಟ್ ಆ ಪಬ್‌ಗಿಂತ ಚೆನ್ನಾಗಿದೆ, ಈ ಬ್ಯಾಚ್ ಹಳೇ ಬ್ಯಾಚ್ ಥರ ಇಲ್ಲ ಅಂತ ವಾದ ಆಗತ್ತಲ್ಲ, ಬ್ರೂವರಿಗಳಲ್ಲಿ ಅದಕ್ಕೊಂದು ಸರಳ ಪರೀಕ್ಷೆ ಇದೆ. ಮೂರು ಗ್ಲಾಸ್, ಎರಡರಲ್ಲಿ ಒಂದೇ ಬಿಯರ್, ಒಂದರಲ್ಲಿ ಬೇರೆ, ಸುರಿಯೋನು ಟೇಬಲ್‌ನಲ್ಲಿ ಇರ್ಬಾರದು, ಬಣ್ಣ ಬೇರೆ ಇದ್ರೆ ಗ್ಲಾಸ್ ಕಾಣದ ಹಾಗೆ ಮಾಡ್ಬೇಕು. ಬೇರೆಯದು ಯಾವುದು ಅಂತ ಹೇಳ್ಬೇಕು, ಚೆನ್ನಾಗಿರೋದು ಯಾವುದು ಅಂತಲ್ಲ. ಕಣ್ಣುಮುಚ್ಚಿ ಹೇಳಿದ್ರೂ ಮೂವರಲ್ಲಿ ಒಬ್ಬರದು ಸರಿ ಆಗತ್ತೆ, ಹಾಗಾಗಿ ಆರು ಜನರಲ್ಲಿ ಇಬ್ಬರು ಸರಿ ಹೇಳಿದ್ರೆ ಅದಕ್ಕೆ ಅರ್ಥ ಇಲ್ಲ, ಮೂವರು ನಾಲ್ವರು ಹೇಳಿದ್ರೂ ಅದೃಷ್ಟ ಇರಬಹುದು, ಐದು ಜನ ಹೇಳಿದ್ರೆ ಮಾತ್ರ ನಿಜವಾಗಿ ವ್ಯತ್ಯಾಸ ಇದೆ ಅಂತ ನಾವು ಒಪ್ಪೋದು. ಆ ಐದು ಜನ ಏನು ಬರೆದಿದ್ದಾರೆ ಅಂತ ಆಮೇಲೆ ಓದಿ. ಅದರಲ್ಲಿ ಮೂವರ ಚೀಟಿಯಲ್ಲಿ ಲವಂಗ ಕಮ್ಮಿ ಅಂತ ಇದ್ರೆ ಆ ಚೀಟಿನ ಬಾರ್ ಹತ್ರ ಕೊಟ್ಟು ಹೋಗಿ, ಬ್ರೂವರ್‌ಗೆ ಕೊಡಿ ಅಂತ ಹೇಳಿ, ಬಿಲ್ ಜೊತೆ ಸ್ಟಾರ್ ಕೊಡೋದಕ್ಕಿಂತ ನಂಗೆ ಅದೇ ಬೇಕಾಗಿರೋದು.